ಬಲಕ್ಕೆ ಸುತ್ತುವ ಚುಕ್ಕಿ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಪ್ಲಗ್ ಚುಚ್ಚಲು ಇದ್ದ ಜಾಗ ಒಂದೇ ಒಂದು, ಅದೂ ದೇವರ ಗೂಡಿನ ಪಕ್ಕದಲ್ಲಿ. ಮನೆ ಕಟ್ಟಿಸಿದವರಿಗೆ ದೇವರಿಗೂ ಕರೆಂಟಿಗೂ ಜಗಳ ಬರಬಹುದು ಎಂದು ಹೊಳೆದಿರಲಿಲ್ಲ. ಮೂರು ಕೋಣೆಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದೆ ಅಪ್ಪನ ಸೈಕಲ್ಲು ಮತ್ತು ಬಂದವರು ಕೂರುವ ಮಂಚ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯೇ ಇಲ್ಲದ ನಡುಮನೆ. ಆ ನಡುಮನೆಯ ಗೋಡೆಯಲ್ಲಿ ಗೂಡು, ಗೂಡಿನಲ್ಲಿ ದೇವರು, ದೇವರ ಎಡಗಡೆ ಎರಡು ತೂತಿನ ಕಪ್ಪು ಪ್ಲಗ್ ಪಾಯಿಂಟು, ಅದರ ಕೆಳಗೆ ಅಪ್ಪನ ಹಲಗೆ. ಮೂರೂ ಕೋಣೆಗಳ ಬಗಲಿಗೆ ತಗಡು ಹೊದಿಸಿದ ಒಂದು ಉದ್ದನೆಯ ಹಾದಿ, ಅದರ ತುದಿಗೆ ಬಚ್ಚಲು. ಹಾದಿಯ ಗೋಡೆಗೆ ಮೀಟರು, ಮೀಟರಿನ ಕೆಳಗೆ ಕಬ್ಬಿಣದ ಹಿಡಿಕೆಯ ಮೇನ್ ಸ್ವಿಚ್ಚು, ಸ್ವಿಚ್ಚಿನ ಸಮೀಪದಲ್ಲೇ ನಡುಮನೆಗೆ ಹೋಗುವ ಬಾಗಿಲು. ಇಷ್ಟು ನಕ್ಷೆ ಮನಸ್ಸಿನಲ್ಲಿದ್ದರೆ ಸಾಕು. ನಾನು ಇವತ್ತಿಗೂ ಯಾರ ಮನೆಗೆ ಹೋದರೂ ಮೊದಲು ಅವರ ಮೇನ್ ಸ್ವಿಚ್ ಎಲ್ಲಿದೆ ಎಂದು ಗೋಡೆ ಹುಡುಕುತ್ತೇನೆ. ಮಗಳನ್ನು ಕೊಟ್ಟ ಬೀಗರ ಮನೆಗೆ ಮೊದಲ ಸಲ ಹೋದಾಗಲೂ ಹಾಗೆಯೇ ಮಾಡಿದೆ. ಹೆಣ್ಣಿನ ಕಡೆಯವಳು ಮನೆಯ ಅಳತೆ ತೆಗೆಯುತ್ತಿದ್ದಾಳೆ ಎಂದು ಅವರು ತಿಳಿದುಕೊಂಡರು. ತಿಳಿದುಕೊಳ್ಳಲಿ ಎಂದು ಬಿಟ್ಟೆ, ಆಮೇಲೆ ಮರ್ಯಾದೆ ಸ್ವಲ್ಪ ಹೆಚ್ಚೇ ಸಿಕ್ಕಿತು.

ಅಪ್ಪ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಅಳತೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಊರಿನ ಎಲ್ಲ ಕಾರ್ಖಾನೆಗಳಲ್ಲೂ ಹಳೆಯ ಎಣಿಕೆ ಯಂತ್ರಗಳನ್ನು ಕಿತ್ತು ಹೊಸವನ್ನು ಕೂರಿಸುತ್ತಿದ್ದ ಕಾಲ ಅದು. ಹಳೆಯ ಯಂತ್ರಗಳ ಹೊಟ್ಟೆಯಲ್ಲಿ ಎರಡು ಜಾತಿಯ ಗಾಜಿನ ಬಲ್ಬುಗಳಿರುತ್ತಿದ್ದವು. ಒಂದರಲ್ಲಿ ಸೊನ್ನೆಯಿಂದ ಒಂಬತ್ತರ ತನಕ ಅಂಕಿಗಳನ್ನು ತೆಳು ತಂತಿಯಲ್ಲಿ ಬಗ್ಗಿಸಿ, ರೇಷನ್ ಅಂಗಡಿಯ ಸಾಲಿನ ಹಾಗೆ ಒಂದರ ಬೆನ್ನಿಗೆ ಒಂದು ನಿಲ್ಲಿಸಿದ್ದರು. ಯಾವ ಅಂಕಿಗೆ ಕರೆಂಟು ಹೋಯಿತೋ ಅದು ಕೆಂಡದ ಬಣ್ಣ ಉಟ್ಟು ಎದ್ದು ಕಾಣುತ್ತಿತ್ತು, ಉಳಿದವು ಕತ್ತಲಲ್ಲಿ ಸುಮ್ಮನೆ ನಿಂತಿರುತ್ತಿದ್ದವು. ಇನ್ನೊಂದು ಜಾತಿಯದರಲ್ಲಿ ಅಂಕಿಗಳಿಲ್ಲ. ಅದರ ನೆತ್ತಿಯಲ್ಲಿ ದುಂಡಗೆ ಕಡ್ಡಿಗಳ ಸಾಲು, ಒಂದೊಂದು ಎಣಿಕೆಗೆ ಕಿತ್ತಳೆ ಬಣ್ಣದ ಒಂದು ಚುಕ್ಕಿ ಈ ಕಡ್ಡಿಯಿಂದ ಮುಂದಿನ ಕಡ್ಡಿಗೆ ಜಿಗಿದು ಸುತ್ತು ಹಾಕುತ್ತಿತ್ತು. ಗುಜರಿಗೆ ಹೋದ ಈ ಬಲ್ಬುಗಳು ಸುಲ್ತಾನ್ ಬಜಾರಿನ ಹಿಂದಿನ ಒಂದು ಸಂದಿಯ ಅಂಗಡಿಗೆ ಬಂದು ಬೀಳುತ್ತಿದ್ದವು. ಅಪ್ಪ ರಜೆಯ ದಿನ ನನ್ನನ್ನು ಸೈಕಲ್ಲಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ. ಅಮ್ಮ ಹೇಳಿದ್ದ ಬಳೆ, ದಾರದ ಉಂಡೆ ಮರೆತು, ಬಲ್ಬುಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಹಸುಗೂಸಿನಂತೆ ನನ್ನ ಮಡಿಲಿಗೆ ಕೊಡುತ್ತಿದ್ದ. ಅಂಗಡಿಯವನು ತಮಾಷೆಯ ಮನುಷ್ಯ. ಒಂದು ಸಲ ನನ್ನ ಮುಖ ನೋಡಿ ಕೇಳಿದ.

“ಇತ್ತೇ ಬಲ್ಬಾಂ ಲೇಕೋ ಜಾತೇ, ಘರ್ ಮೇ ಫಿರ್ ಭೀ ಅಂಧೇರಾಚ್ ಹೈ ಕ್ಯಾ ಸಾಬ್?”

ಇಷ್ಟು ಬಲ್ಬು ಒಯ್ದರೂ ನಿಮ್ಮ ಮನೆಯಲ್ಲಿ ಇನ್ನೂ ಕತ್ತಲೆಯೇ ಏನು ಎಂದು ಅವನ ಮಾತು. ಅಪ್ಪ ನಕ್ಕ. ನನಗೆ ಮಾತ್ರ ಅದು ನಿಜವೇ ಅನಿಸಿತು. ಏಕೆಂದರೆ ಈ ಬಲ್ಬುಗಳು ಹೊತ್ತಿದಾಗ ಕೋಣೆಗೆ ಬೆಳಕಾಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಪ್ಪ ನಡುಮನೆಯ ಲೈಟು ಆರಿಸಿ ಹಲಗೆಯ ಮುಂದೆ ಕೂರುತ್ತಿದ್ದ. ಆ ಕೆಂಪು ಅವನ ಮೂಗಿನ ತುದಿ ಮತ್ತು ಬೆರಳುಗಳಿಗಷ್ಟೇ ಮುಟ್ಟುತ್ತಿತ್ತು, ಅಪ್ಪನ ಉಳಿದ ಭಾಗ ಎಲ್ಲಿ ಹೋಯಿತು ಎಂದು ನಾನು ಕೈ ಚಾಚಿ ಹುಡುಕುತ್ತಿದ್ದೆ.

ಈ ಬಲ್ಬುಗಳಿಗೆ ಮನೆಯ ಕರೆಂಟು ಸಾಲುವುದಿಲ್ಲ, ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಬೇಕು. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರ್ ಅಪ್ಪನಿಗೆ ಸಿಗಲಿಲ್ಲ. ಸಿಗುವ ತನಕ ಕಾಯುವ ಗುಣ ಅವನಲ್ಲಿ ಇರಲಿಲ್ಲ. ಗೋಡೆಯ ಕರೆಂಟನ್ನೇ ನೇರವಾಗಿ ತಂದು, ಅದನ್ನೇ ಹೇಗೋ ಏರಿಸಿಕೊಂಡು, ಒಂದು ತಂತಿಯನ್ನು ಬಲ್ಬುಗಳು ಕೂತಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಗೇ ಬೆಸೆದುಬಿಟ್ಟ. ಪ್ಲಗ್ಗನ್ನು ಒಂದು ಮಗ್ಗುಲಾಗಿ ಚುಚ್ಚಿದರೆ ಡಬ್ಬಿ ಬರೀ ತಗಡು, ಮಗು ಮುಟ್ಟಿದರೂ ಏನಿಲ್ಲ. ಅದೇ ಪ್ಲಗ್ಗನ್ನು ಹೊರಳಿಸಿ ಚುಚ್ಚಿದರೆ ಡಬ್ಬಿಯ ಇಡೀ ಮೈಯಲ್ಲಿ ಕರೆಂಟು. ಬಲ್ಬುಗಳು ಎರಡೂ ಸಲ ಒಂದೇ ರೀತಿ ಉರಿಯುತ್ತವೆ, ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎರಡು ದುಂಡು ಕಡ್ಡಿಗಳ ಆ ಪ್ಲಗ್ಗು ಹೇಗೆ ಬೇಕಾದರೂ ಒಳಗೆ ಹೋಗುತ್ತಿತ್ತು. ಹಾಗಾಗಿ ಅಪ್ಪ ಒಂದು ಗುರುತು ಮಾಡಿದ. ಅಮ್ಮ ಹಣೆಗೆ ಹಚ್ಚುವ ಮೇಣದಿಂದ ಒಂದು ಚೂರು ತೆಗೆದು ಪ್ಲಗ್ಗಿನ ಒಂದು ಕೆನ್ನೆಗೆ ಒತ್ತಿ, ಅದರ ಮೇಲೆ ಕುಂಕುಮ ಇಟ್ಟ. ಕುಂಕುಮ ಮೇಲೆ ಬರುವ ಹಾಗೆ ಚುಚ್ಚಿದರೆ ಕ್ಷೇಮ. ಆ ಮನೆಯಲ್ಲಿ ನಮ್ಮೆಲ್ಲರ ಜೀವ ಆ ಒಂದು ಚುಕ್ಕೆ ಕುಂಕುಮದ ಮೇಲೆ ನಿಂತಿತ್ತು, ಮತ್ತು ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಜ್ಜಿಯೊಬ್ಬಳನ್ನು ಬಿಟ್ಟು.

ಅಜ್ಜಿ ಎಂದರೆ ಅಪ್ಪನ ತಾಯಿ. ಈಗ ನನ್ನ ಫೋನಿನಲ್ಲಿ ‘ಅಜ್ಜಿ’ ಎಂದು ಒತ್ತಿದರೆ ಅದು ತಾನೇ ಮುಂದೆ ‘ಆರಾಮ’ ಎಂದು ಸೇರಿಸಿಕೊಡುತ್ತದೆ. ಈ ಅಜ್ಜಿಗೂ ಆರಾಮಕ್ಕೂ ಸಂಬಂಧವಿಲ್ಲ. ಊರಲ್ಲಿ ಅಜ್ಜನ ಜೊತೆ ಒಂದು ಎಮ್ಮೆಯ ವಿಷಯಕ್ಕೆ ಮಾತು ಬಿಟ್ಟು, ಹಬ್ಬಕ್ಕೆಂದು ರೈಲು ಹತ್ತಿ ನಮ್ಮಲ್ಲಿಗೆ ಬಂದು, ಹಬ್ಬ ಮುಗಿದರೂ ಹೋಗದೆ ಉಳಿದವಳು. ಹೈದರಾಬಾದಿನ ಹುಣಸೆಹಣ್ಣು ಹೆಚ್ಚು ಹುಳಿ, ನೀರು ಹೆಚ್ಚು ಸಪ್ಪೆ, ಸೊಸೆ ಪಕ್ಕದ ಮನೆಯ ತೆಲುಗರಿಂದ ಕಲಿತ ಪುಲುಸು ಎಂಬ ಹುಳಿಸಾರು ಮನುಷ್ಯರು ತಿನ್ನುವುದಲ್ಲ ಎನ್ನುತ್ತ ತಟ್ಟೆಯ ತಳ ಕಾಣುವ ಹಾಗೆ ತಿಂದು, ಇನ್ನಷ್ಟು ಹಾಕಿಸಿಕೊಂಡು, ಮತ್ತೆ ಬೈಯುತ್ತಿದ್ದಳು. ಬೆಳಗ್ಗೆ ಬಚ್ಚಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಸೀರೆಯನ್ನೂ ನೀರಲ್ಲಿ ಅದ್ದಿ, ಹಿಂಡಿಯೂ ಹಿಂಡದ ಹಾಗೆ ಉಟ್ಟು ಬರುತ್ತಿದ್ದಳು. ಒದ್ದೆ ಮಡಿ. ಆ ಸೀರೆಯಿಂದ ನೀರು ಸೋರುತ್ತಿರುವಾಗಲೇ ಬರಿಗಾಲಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ನಿಂತು ಪೂಜೆ. ಪೂಜೆ ಮುಗಿಯುವ ತನಕ ಯಾರೂ ಆಕೆಯನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ನಾನು ಒಮ್ಮೆ ಬೇಕೆಂದೇ ಸೆರಗಿನ ತುದಿಗೆ ಬೆರಳು ತಾಗಿಸಿ ಓಡಿದ್ದೆ. ಆಕೆ ಮತ್ತೆ ಪೂರ್ತಿ ಸ್ನಾನ ಮಾಡಿ ಬಂದು, ಪೂಜೆ ಮುಗಿಸಿ, ಆಮೇಲೆ ಸಾವಧಾನವಾಗಿ ನನ್ನ ಬೆನ್ನಿಗೆ ಗುದ್ದಲು ಬಂದಳು.

ಮೊದಮೊದಲು ಅಜ್ಜಿಗೆ ಅಪ್ಪನ ಬಲ್ಬುಗಳು ಕಂಡರಾಗುತ್ತಿರಲಿಲ್ಲ. ಒಂದು ಸಂಜೆ ಅಪ್ಪ ಚುಕ್ಕಿ ಸುತ್ತುವ ಬಲ್ಬನ್ನು ಮೊದಲ ಸಲ ಚಾಲೂ ಮಾಡಿ ಎಲ್ಲರನ್ನೂ ಕರೆದ. ಅಮ್ಮ ಸೌಟು ಹಿಡಿದೇ ಬಂದಳು. ಕತ್ತಲಲ್ಲಿ ಚುಕ್ಕಿ ಹೆಜ್ಜೆ ಹೆಜ್ಜೆಯಾಗಿ ಸುತ್ತುವುದನ್ನು ಅಜ್ಜಿ ದೂರದಿಂದಲೇ ನೋಡುತ್ತಿದ್ದವಳು ಜಪಮಣಿ ತಿರುಗಿಸುವುದನ್ನು ನಿಲ್ಲಿಸಿದಳು.

“ಪಾಂಡು, ಇದು ಎಡಕ್ಕ ಸುತ್ತಾಕತ್ತೈತಿ.”

“ಸುತ್ತಲಿ ಬಿಡವ್ವ. ಎಣಿಕಿ ಸರಿ ಐತಿ.”

“ಹೆಣದ ಸುತ್ತ ಎಡಕ್ಕ ತಿರಗತಾರ. ನಮ್ಮ ಮನ್ಯಾಗ ಇದು ಯಾರ ಸುತ್ತ ತಿರಗಾಕತ್ತೈತಿ?”

ಚುಕ್ಕಿ ಎಡಕ್ಕೆ, ಮತ್ತೂ ಎಡಕ್ಕೆ ಹೋಗುತ್ತಲೇ ಇತ್ತು. ಅಮ್ಮ ನನ್ನನ್ನು ತನ್ನ ಹತ್ತಿರ ಎಳೆದುಕೊಂಡಳು. ಆ ರಾತ್ರಿಯ ಊಟಕ್ಕೆ ಅಜ್ಜಿ ಪುಲುಸನ್ನು ಬೈಯಲಿಲ್ಲ, ಅದು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಮರುದಿನ ಅಪ್ಪ ಕಾರ್ಖಾನೆಯಿಂದ ಬಂದವನೇ ಎರಡು ತಂತಿಗಳನ್ನು ಅದಲು ಬದಲು ಮಾಡಿದ. ಅಷ್ಟೇ ಕೆಲಸ. ಚುಕ್ಕಿ ಬಲಕ್ಕೆ ಸುತ್ತತೊಡಗಿತು. ಅಜ್ಜಿ ಬಹಳ ಹೊತ್ತು ನೋಡಿದಳು, ಆಮೇಲೆ ಎರಡೂ ಕೈ ಜೋಡಿಸಿ ಇದು ಪ್ರದಕ್ಷಿಣೆ ಎಂದಳು. ತಾನು ಮೊಣಕಾಲು ನೋವಿಗೆ ಗುಡಿ ಸುತ್ತಲಾರೆ, ಈ ದೀಪ ತನ್ನ ಪರವಾಗಿ ಸುತ್ತುತ್ತದೆ ಎಂದಳು. ಅಲ್ಲಿಯ ತನಕ ಆ ಡಬ್ಬಿಯಿಂದ ಮಾರು ದೂರ ನಿಲ್ಲುತ್ತಿದ್ದವಳು ಈಗ ದಿನಾ ಬೆಳಗ್ಗೆ ಪೂಜೆಯ ಹೊತ್ತಿಗೆ ಅದನ್ನು ಹಚ್ಚಿಡಲು ಹೇಳಿದಳು. ದೇವರಿಗೆ ಏರಿಸಿ ಮಿಕ್ಕ ಒಂದು ಹೂವನ್ನು ಅದರ ಮುಂದೆಯೂ ಇಡತೊಡಗಿದಳು. ಅಪ್ಪನಿಗೆ ಹಿಗ್ಗು. ತಾಯಿ ಒಪ್ಪಿದ ಮೊದಲ ಕೆಲಸ ಅದು.

ಅಮ್ಮನಿಗೆ ನಡುಕ ಶುರುವಾದದ್ದು ಆಗ. ಎಡ ಬಲ ಆಕೆಗೆ ದೊಡ್ಡದಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಬೇರೊಂದು ಮನೆಯಲ್ಲಿ ಕಬ್ಬಿಣದ ತಂತಿಯ ಮೇಲೆ ಒದ್ದೆ ಬಟ್ಟೆ ಹರವುವಾಗ ಆಕೆಗೆ ಕರೆಂಟು ಹೊಡೆದಿತ್ತು. ಆ ತಂತಿಯ ತುದಿ ಮೀಟರಿನ ಪೈಪಿಗೆ ಕಟ್ಟಿದ್ದರಂತೆ. ಬಟ್ಟೆಯ ಬುಟ್ಟಿ ಒಂದು ಕಡೆ, ತಾನು ಒಂದು ಕಡೆ ಬಿದ್ದಿದ್ದೆ ಎಂದು ಹೇಳುವಾಗ ಆಕೆ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಒದ್ದೆ ಸೀರೆ, ಒದ್ದೆ ನೆಲ, ತಗಡಿನ ಡಬ್ಬಿ ಮೂರೂ ಒಂದು ಮೊಳದೊಳಗೆ ಇರುವುದನ್ನು ಆಕೆ ದಿನಾ ನೋಡುತ್ತಿದ್ದಳು. ಒಂದು ದಿನ ಅಜ್ಜಿ ಅಂಗಳದಲ್ಲಿ ಬಿಸಿಲಿಗೆ ಕೂತಾಗ ಅಪ್ಪನ ಮುಂದೆ ನಿಂತಳು.

“ಅತ್ತಿಯವರು ಒದ್ದಿ ಸೀರ್ಯಾಗ ಅದರ ಮುಂದ ನಿಂದರ್ತಾರ. ನನಗ ಎದಿ ನಡಗತೈತ್ರಿ. ಒಂದಿನ ಅವರ ಜೀವ ಹೋಗತೈತಿ.”

“ಕುಂಕುಮ ಹಚ್ಚೀನಲ್ಲ. ಕುಂಕುಮ ಇರೂ ತನಕ ಏನೂ ಆಗೂದಿಲ್ಲ.”

“ಕುಂಕುಮದ ಮ್ಯಾಲೆ ಭಾರ ಹಾಕೂದು ನಮ್ಮಂಥ ಹೆಣ್ಣಮಕ್ಕಳಿಗೆ ಬಿಡ್ರಿ.”

ಅಪ್ಪ ಟೆಸ್ಟರ್ ತಂದ. ಹಿಡಿಕೆಯೊಳಗೆ ಸಾಸಿವೆಯಷ್ಟು ದೀಪವಿರುವ ಸ್ಕ್ರೂ ಡ್ರೈವರ್ ಅದು, ಕರೆಂಟಿರುವ ಕಡೆ ಇಟ್ಟರೆ ಹೊತ್ತುತ್ತದೆ. ಡಬ್ಬಿಗೆ ಇಟ್ಟು ತೋರಿಸಿದ, ಹೊತ್ತಲಿಲ್ಲ. ಅಮ್ಮ ನೋಡಿದಳು, ಒಪ್ಪಲಿಲ್ಲ. ಡಬ್ಬಿಯನ್ನು ಬೇರೆ ಕೋಣೆಗೆ ಒಯ್ಯಲು ಬೇರೆ ಪ್ಲಗ್ಗಿಲ್ಲ, ಪೂಜೆಯ ಹೊತ್ತಿಗೆ ಹಚ್ಚಬೇಡಿ ಎಂದರೆ ಅಜ್ಜಿ ಬಿಡುವುದಿಲ್ಲ. ಆಗ ಅಮ್ಮ ತನ್ನದೇ ಒಂದು ದಾರಿ ಕಂಡುಕೊಂಡಳು. ಬಚ್ಚಲಲ್ಲಿ ಅಜ್ಜಿ ಕೊನೆಯ ತಂಬಿಗೆ ಸುರಿದುಕೊಳ್ಳುವ ಸದ್ದು ಕೇಳಿದ ಕೂಡಲೇ ನಡುಮನೆಗೆ ಬಂದು ಪ್ಲಗ್ಗು ಕಿತ್ತು ಮೊಳೆಗೆ ನೇತು ಹಾಕಿ, ನಡುಮನೆಯ ಲೈಟನ್ನೂ ಆರಿಸುವುದು. ಅಜ್ಜಿ ಕೇಳಿದರೆ ಕರೆಂಟು ಹೋಗಿದೆ ಎನ್ನುವುದು. ಕಾಚಿಗೂಡದಲ್ಲಿ ಆಗ ಕರೆಂಟು ಹೋಗುವುದು ಸುಳ್ಳಾಗುವ ಸಂಗತಿಯೇ ಅಲ್ಲ. ಪೂಜೆ ಮುಗಿದು ಅಜ್ಜಿ ಒಣ ಸೀರೆ ಉಟ್ಟ ಮೇಲೆ ಕರೆಂಟು ಬಂತು ಎಂದು ಮತ್ತೆ ಚುಚ್ಚುವುದು, ಕುಂಕುಮ ಮೇಲೆ. ಕರೆಂಟಿನವರಿಗೆ ತನ್ನ ಪೂಜೆಯ ಹೊತ್ತೇ ಬೇಕೇ ಎಂದು ಅಜ್ಜಿ ದಿನಾ ಶಾಪ ಹಾಕುತ್ತಿದ್ದಳು. ಅಮ್ಮ ಆ ಶಾಪವನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು ರೊಟ್ಟಿ ತಟ್ಟುತ್ತಿದ್ದಳು.

ನವರಾತ್ರಿ ಬಂತು. ಅಜ್ಜಿ ದೇವರ ಗೂಡಿನ ಕೆಳಗೆ ಘಟ ಕೂರಿಸಿದಳು. ಮಣ್ಣು ಹರವಿ, ಜೋಳ ಗೋಧಿ ಬಿತ್ತಿ, ನಡುವೆ ಕೊಡ. ಸಸಿ ಏಳಬೇಕೆಂದು ದಿನಾ ನೀರು ಚಿಮುಕಿಸುವುದು. ಚಿಮುಕಿಸುವುದೆಂದರೆ ಅಜ್ಜಿಯ ಕೈ ಧಾರಾಳ, ನೀರು ಮಣ್ಣಿನಿಂದ ಇಳಿದು ನೆಲದ ಮೇಲೆ ಹರಿದು ಅಪ್ಪನ ಹಲಗೆಯ ಕಾಲಿನ ತನಕ ಬಂದು ನಿಲ್ಲುತ್ತಿತ್ತು. ಆ ದಿನಗಳಲ್ಲಿ ನಡುಮನೆಯ ನೆಲ ಒಣಗಲೇ ಇಲ್ಲ. ನಾವೆಲ್ಲ ಒದ್ದೆ ಹೆಜ್ಜೆಗಳನ್ನು ಮನೆ ತುಂಬ ಮೂಡಿಸಿಕೊಂಡು ಓಡಾಡಿದೆವು. ಅಮ್ಮ ಬೆಳಗ್ಗೆ ಪ್ಲಗ್ಗು ಕೀಳುವ ಮೊದಲು ಕಾಲಿಗೆ ಅಪ್ಪನ ರಬ್ಬರ್ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ದೇವರ ಮುಂದೆ ಚಪ್ಪಲಿ. ಅಜ್ಜಿ ನೋಡಿದ್ದರೆ ಹಬ್ಬವೇ ಮುಗಿಯುತ್ತಿತ್ತು. ನಾನು ಬಚ್ಚಲ ಬಾಗಿಲಲ್ಲಿ ಕಾವಲು ನಿಂತು, ಅಜ್ಜಿ ಹೊರಗೆ ಬರುವಂತಾದರೆ ಕೆಮ್ಮುತ್ತಿದ್ದೆ. ಆ ಹಬ್ಬದಲ್ಲಿ ನನಗೆ ಕೆಮ್ಮು ಹತ್ತಿದೆ ಎಂದು ಅಜ್ಜಿ ಶುಂಠಿ ಕಷಾಯ ಕುಡಿಸಿದಳು.

ಅಷ್ಟಮಿಯ ದಿನ ಅಮ್ಮ ಹೊರಗಾದಳು. ತಿಂಗಳ ಆ ದಿನಗಳಲ್ಲಿ ಹೆಂಗಸರು ಒಳಗೆ ಬರುವಂತಿಲ್ಲ, ಯಾರನ್ನೂ ಏನನ್ನೂ ಮುಟ್ಟುವಂತಿಲ್ಲ. ಬಗಲ ಹಾದಿಯಲ್ಲಿ, ಮೀಟರಿನ ಕೆಳಗೆ ಆಕೆಯ ಚಾಪೆ, ಆಕೆಯ ತಟ್ಟೆ, ಆಕೆಯ ತಂಬಿಗೆ. ಊಟ ಬಂದರೆ ಮೇಲಿನಿಂದ ಬಡಿಸುವುದು. ಮದುವೆಯಾದಾಗಿನಿಂದ ಇದ್ದದ್ದೇ, ಆದರೆ ಅವತ್ತು ಚಾಪೆ ಹಾಸಿಕೊಳ್ಳುವಾಗ ಅಮ್ಮನ ಮುಖ ನಾನು ಎಂದೂ ಕಾಣದಂಥದಾಗಿತ್ತು. ನನ್ನನ್ನು ಕರೆದು ಪ್ಲಗ್ಗಿನ ಹತ್ತಿರ ಹೋಗಬೇಡ, ನಿನಗೆ ಎಟುಕುವುದಲ್ಲ, ನೀನು ದೂರ ಇರು ಎಂದು ನನ್ನ ಕೈಯನ್ನೇ ನನ್ನ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡಳು. ಅಪ್ಪನಿಗೆ ಬಾಗಿಲಾಚೆಯಿಂದಲೇ ಮೂರು ದಿನ ಅದನ್ನು ಹಚ್ಚಬೇಡಿ ಎಂದಳು. ಅಪ್ಪ ಆಯಿತು ಎಂದ. ನವಮಿಯ ದಿನ ಆಯುಧಪೂಜೆ, ಹೇಗೂ ಎಲ್ಲ ಹತ್ಯಾರಗಳನ್ನೂ ಪೂಜೆಗೆ ಇಟ್ಟುಬಿಡುತ್ತಾರೆ, ಮುಟ್ಟುವುದಿಲ್ಲ ಎಂದು ಆಕೆಗೂ ಸ್ವಲ್ಪ ಸಮಾಧಾನ.

ನವಮಿಯ ಬೆಳಗ್ಗೆ ಅಜ್ಜಿ ಒಬ್ಬಳೇ ಎಲ್ಲ ಮಾಡಿದಳು. ಇಕ್ಕಳ, ಬೆಸುಗೆಯ ಕಡ್ಡಿ, ಸುತ್ತಿಗೆ, ಈಳಿಗೆ, ಸೈಕಲ್ಲು, ಅಪ್ಪನ ಡಬ್ಬಿ ಎಲ್ಲಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ. ನನ್ನನ್ನು ಪಕ್ಕದ ಮನೆಗೆ ಬಾಳೆ ಎಲೆಗೆ ಕಳಿಸಿದ್ದಳು. ಮೊಳೆಗೆ ನೇತು ಹಾಕಿದ್ದ ಪ್ಲಗ್ಗೂ ಆಕೆಯ ಕಣ್ಣಿಗೆ ಬಿತ್ತು. ಅದರ ಒಂದು ಕೆನ್ನೆಗೆ ಮಾತ್ರ ಕುಂಕುಮ, ಇನ್ನೊಂದು ಕೆನ್ನೆ ಬೋಳು. ಯಾರೋ ಅರ್ಧ ಪೂಜೆ ಮಾಡಿ ಬಿಟ್ಟಿದ್ದಾರೆ, ಒಂದೇ ಕೆನ್ನೆಗೆ ಹಚ್ಚಿ ಬಿಡುವುದು ಅಪಶಕುನ ಎಂದು ಆಕೆ ಅದೇ ಮೇಣ ಹುಡುಕಿ ಒತ್ತಿ, ಬೋಳು ಕೆನ್ನೆಗೂ ಕುಂಕುಮ ಇಟ್ಟಳು. ಇದನ್ನು ಆಮೇಲೆ ಆಕೆಯೇ ಹೇಳಿದ್ದು. ಅಲ್ಲಿಗೆ ಆ ಮನೆಯಲ್ಲಿ ಕ್ಷೇಮಕ್ಕೂ ಸಾವಿಗೂ ಇದ್ದ ಗುರುತು ಅಳಿಸಿಹೋಯಿತು, ಅದೂ ಭಕ್ತಿಯಿಂದ.

ದಶಮಿಯ ದಿನ ಪೂಜೆಗಿಟ್ಟ ಹತ್ಯಾರಗಳನ್ನು ಇಳಿಸಿ, ಹೆಸರಿಗೆ ಒಂದಿಷ್ಟು ಕೆಲಸ ಮಾಡಬೇಕು. ಅವತ್ತು ಶುರು ಮಾಡಿದ್ದು ವರ್ಷವೆಲ್ಲ ನಡೆಯುತ್ತದೆ ಎಂದು ನಂಬಿಕೆ. ಬೆಳಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ಅಜ್ಜಿ ಅಪ್ಪನನ್ನು ಎಬ್ಬಿಸಿ, ಇವತ್ತು ಪ್ರದಕ್ಷಿಣೆ ದೀಪ ನಿಲ್ಲಬಾರದು, ಹಚ್ಚು ಎಂದಳು. ಹೆಂಡತಿಗೆ ಆಯಿತು ಎಂದಿದ್ದ ಅಪ್ಪ ತಾಯಿಗೂ ಆಯಿತು ಎಂದ. ಇಂಥ ಒಳ್ಳೆಯವರಿಂದಲೇ ಮನೆಗಳಿಗೆ ಅಪಾಯ. ಪ್ಲಗ್ಗು ತೆಗೆದುಕೊಂಡ, ಕುಂಕುಮ ಮೇಲೆ ಇದೆಯೇ ನೋಡಿದ, ಇತ್ತು, ಚುಚ್ಚಿದ. ಚುಕ್ಕಿ ಬಲಕ್ಕೆ ಸುತ್ತತೊಡಗಿತು. ಅವನು ಸೈಕಲ್ಲು ಒರೆಸಲು ಮುಂದಿನ ಕೋಣೆಗೆ ಹೋದ. ನಾನು ನಡುಮನೆಯ ಮೂಲೆಯಲ್ಲಿ ಕಾಲು ಚಾಚಿ ಚೆಂಡುಹೂವು ಪೋಣಿಸುತ್ತಿದ್ದೆ.

ಅಜ್ಜಿ ಬಚ್ಚಲಿಂದ ಬಂದಳು. ಹಾದಿಯಲ್ಲಿ ಅಮ್ಮ ಗೋಡೆಗೆ ಅಂಟಿಕೊಂಡು ಮೈ ಸಣ್ಣ ಮಾಡಿ ದಾರಿ ಬಿಟ್ಟಳು. ಅಜ್ಜಿಯ ಹಿಂದೆ ನೀರಿನ ಗೆರೆ ಬಾಗಿಲು ದಾಟಿ ಒಳಗೆ ಬಂತು. ಅಮ್ಮ ಆ ಗೆರೆಯ ಜೊತೆಗೇ ಕಣ್ಣು ತಂದು, ಹಲಗೆಯ ಮೇಲಿನ ಕೆಂಪನ್ನು ನೋಡಿದಳು. ಪ್ಲಗ್ಗಿನ ಎರಡು ಕೆನ್ನೆಯ ವಿಷಯ ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒದ್ದೆ ಸೀರೆ, ಡಬ್ಬಿ ಚಾಲೂ ಇದೆ, ಅಷ್ಟೇ.

“ಅತ್ತಿಯವರ, ಅದು ಚಾಲೂ ಐತ್ರಿ. ಮುಟ್ಟಬ್ಯಾಡ್ರಿ.”

ಮಡಿಯಲ್ಲಿರುವಾಗ ಹೊರಗಾದವಳ ಮಾತಿಗೆ ಓಗೊಡುವುದುಂಟೇ. ಅಜ್ಜಿ ತುಟಿಯಲ್ಲಿ ಮಂತ್ರ ಬಿಡದೆ ದೇವರಿಗೆ ಕುಂಕುಮ ಏರಿಸಿದಳು, ಘಟಕ್ಕೆ ನೀರು ಚಿಮುಕಿಸಿದಳು, ಆ ನೀರಲ್ಲೇ ನಿಂತು ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿ ಡಬ್ಬಿಯ ಕಡೆಗೆ ಚಾಚಿದಳು. ಅಮ್ಮ ಎದ್ದಳು. ಹೊಸ್ತಿಲ ತನಕ ಓಡಿ ಬಂದಳು. ಬಂದವಳು ಅಲ್ಲಿ ನಿಂತುಬಿಟ್ಟಳು. ಆಕೆಯ ಎರಡೂ ಕೈ ಮುಂದಕ್ಕೆ ಚಾಚಿದ್ದವು, ನಾನು ನೋಡಿದ್ದೇನೆ. ಆಮೇಲೆ ಗಕ್ಕನೆ ಹಿಂದಕ್ಕೆ ತಿರುಗಿದಳು, ಕಬ್ಬಿಣದ ಹಿಡಿಕೆ ಖಟ್ ಎಂದಿತು, ಚುಕ್ಕಿ ಅರ್ಧ ಸುತ್ತಿನಲ್ಲಿ ಆರಿಹೋಯಿತು. ಅಜ್ಜಿಯ ಬೆರಳು ಡಬ್ಬಿಗೆ ತಾಗಿ ಕುಂಕುಮ ಹಚ್ಚಿ ಹಿಂದೆ ಬಂತು.

ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದೇ ಅಮ್ಮನಿಗೆ ಮುಳುವಾಯಿತು. ಅಜ್ಜಿ ಪೂಜೆ ಮುಗಿಸಿದವಳೇ ಬಾಯಿ ತೆರೆದಳು. ದಶಮಿಯ ದಿನ, ಪೂಜೆಯ ನಡುವೆ, ಹೊರಗಾದವಳು ದೇವರ ದೀಪ ಆರಿಸಿದಳು. ಅರ್ಧ ಪ್ರದಕ್ಷಿಣೆಗೆ ನಿಂತ ದೀಪ, ಈ ವರ್ಷ ಈ ಮನೆಯಲ್ಲಿ ಯಾರದೋ ಸುತ್ತು ಅರ್ಧಕ್ಕೆ ನಿಲ್ಲುತ್ತದೆ ಎಂದಳು. ಅಪ್ಪ ಬಂದ, ಅಮ್ಮನನ್ನು ನೋಡಿದ, ಸ್ವಿಚ್ಚನ್ನು ಮೇಲೆತ್ತಿದ. ತಾಯಿಯ ಸಮಾಧಾನಕ್ಕೋ ಹೆಂಡತಿಯ ಸಮಾಧಾನಕ್ಕೋ ಟೆಸ್ಟರ್ ತೆಗೆದು ಡಬ್ಬಿಗೆ ಇಟ್ಟ. ಹಿಡಿಕೆಯೊಳಗಿನ ಆ ಸಾಸಿವೆ ದೀಪ ಹೊತ್ತಿಕೊಂಡಿತು. ಅವನು ತೆಗೆದು ಮತ್ತೆ ಇಟ್ಟ. ಮತ್ತೆ ಹೊತ್ತಿತು. ಪ್ಲಗ್ಗು ಕಿತ್ತು ಈ ಮಗ್ಗುಲು ನೋಡಿದ, ಆ ಮಗ್ಗುಲು ನೋಡಿದ. ಚುಕ್ಕಿ ಆಗಲೂ, ಆರುವ ತನಕ, ಬಲಕ್ಕೇ ಸುತ್ತಿತ್ತು. ಅಪ್ಪನ ಕುತ್ತಿಗೆಯ ಮೇಲೆ ಬೆವರು ಮೂಡಿದ್ದನ್ನು ಕೆಳಗೆ ಕೂತಿದ್ದ ನಾನು ಕಂಡೆ. ಬಾಗಿಲಾಚೆಯಿಂದ ಅಮ್ಮನೂ ಕಂಡಳು. ನೋಡಿದಿರೇನು ಎಂದು ಮೆಲ್ಲಗೆ ಕೇಳಿದಳು. ಅವನು ತಲೆಯಾಡಿಸಿದ.

“ಹಂಗಾರ ಹೇಳ್ರಿ.”

ಅವನು ಹೇಳಲಿಲ್ಲ. ತಾಯಿಗೆ ನಾನೇ ಸಾವು ಇಟ್ಟಿದ್ದೆ ಎಂದು ಹಬ್ಬದ ದಿನ ಯಾವ ಮಗನ ಬಾಯಿಗೆ ಬರುತ್ತದೆ? ಸೈಕಲ್ಲು ಮತ್ತೊಮ್ಮೆ ಒರೆಸಿದ. ಹೋಳಿಗೆ ಅವನ ತಟ್ಟೆಯಲ್ಲೇ ತಣ್ಣಗಾಯಿತು. ಅಜ್ಜಿ ಅಮ್ಮನ ತಟ್ಟೆಗೆ ಎತ್ತರದಿಂದ ಹೋಳಿಗೆ ಬಿಟ್ಟಳು, ಅದು ತಟ್ಟೆಯ ಅಂಚಿಗೆ ತಾಗಿ ಚಾಪೆಗೆ ಬಿತ್ತು. ಅಮ್ಮ ಅದನ್ನೇ ಎತ್ತಿ ತಿಂದಳು. ಅಪ್ಪನೇ ಹೇಳಲಿ ಎಂದು, ಅವನು ಓಡಾಡಿದ ಕಡೆಯೆಲ್ಲ ಆಕೆಯ ಕಣ್ಣು ಹೋಗುತ್ತಿತ್ತು. ಸಂಜೆ ಬನ್ನಿ ಕೊಡಲು ಅಕ್ಕಪಕ್ಕದವರು ಬಂದರು. ಬಂದವರಿಗೆಲ್ಲ ಅಜ್ಜಿ ತನಗೆ ಬರುವ ಅರೆಬರೆ ತೆಲುಗಿನಲ್ಲಿ ಸೊಸೆಯ ಸಾಹಸ ಹೇಳಿದಳು. ಪಂಡಗ ಪೂಟ ಲೈಟ್ ಆರ್ಪೇಸಿಂದಾ, ಹಬ್ಬದ ದಿನ ದೀಪ ಆರಿಸಿದಳೇ ಎಂದು ಅವರು ಕೆನ್ನೆಗೆ ಕೈ ಹಚ್ಚಿ ಹಾದಿಯ ಕಡೆ ಇಣುಕಿ ಹೋದರು. ಪ್ರತಿ ಸಲವೂ ಅಮ್ಮ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

ಎಲ್ಲರೂ ಹೋದ ಮೇಲೆ ಮನೆಯವರ ಸರದಿ. ಅಪ್ಪ ಬನ್ನಿ ಎಲೆಗಳನ್ನು ಅಜ್ಜಿಯ ಕೈಗಿಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೂಣವ್ವ ಎಂದು ಎಲ್ಲರೂ ಅನ್ನುವುದನ್ನೇ ಅಂದು, ಕಾಲಿಗೆ ಹಣೆ ಹಚ್ಚಿದ. ಹಚ್ಚಿದವನು ಏಳಲಿಲ್ಲ. ಅಜ್ಜಿ ಸಾಕು ಏಳು ಎಂದಳು. ಅವನು ಆ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪಾದಗಳಿಗೇ ಹೇಳಿದ.

“ಅವ್ವ, ನಿನ್ನ ಸೊಸಿ ಸುಮಿತ್ರಾ ಸ್ವಿಚ್ ತಗೀಲಾರದ ಇದ್ದಿದ್ರ ಈ ಕಾಲು ಇಷ್ಟೊತ್ತಿಗೆ ತಣ್ಣಗಾಗಿರ್ತಿದ್ವು.”

ಆಮೇಲೆ ಎಲ್ಲ ಹೇಳಿದ. ಡಬ್ಬಿ, ತಂತಿ, ಪ್ಲಗ್ಗಿನ ಎರಡು ಮಗ್ಗುಲು, ಕುಂಕುಮ ಯಾತಕ್ಕಿತ್ತು ಎಂಬುದು. ಅಜ್ಜಿ ಆಗಲೇ ನವಮಿಯ ದಿನ ತಾನು ಇನ್ನೊಂದು ಕೆನ್ನೆಗೂ ಹಚ್ಚಿದ್ದನ್ನು ಹೇಳಿದ್ದು. ತೋರಿಸು ಎಂದಳು. ಅಪ್ಪ ಒಂದು ಮಗ್ಗುಲಾಗಿ ಚುಚ್ಚಿ ಟೆಸ್ಟರ್ ಇಟ್ಟ, ಹೊತ್ತಲಿಲ್ಲ. ಹೊರಳಿಸಿ ಚುಚ್ಚಿ ಇಟ್ಟ, ಹೊತ್ತಿತು. ಅಜ್ಜಿ ಟೆಸ್ಟರನ್ನು ನೋಡಲಿಲ್ಲ, ಬಲ್ಬಿನ ನೆತ್ತಿಯನ್ನು ನೋಡುತ್ತಿದ್ದಳು. ಎರಡೂ ಸಲ ಚುಕ್ಕಿ ಬಲಕ್ಕೇ ಹೋಗುತ್ತಿತ್ತು. ಆಕೆ ಎದ್ದು ಗೋಡೆ ಹಿಡಿದುಕೊಂಡು ಹಾದಿಯ ಬಾಗಿಲಿಗೆ ಹೋದಳು, ಹೊಸ್ತಿಲ ಈಚೆ ನಿಂತಳು.

“ಸುಮಿತ್ರಾ, ಹತ್ರಾನ ಬಂದಿದ್ದ್ಯಲ್ಲ. ನನ್ನ ಕೈ ಹಿಡದು ಜಗ್ಗಲಿಲ್ಲ ಯಾಕ?”

“ಜಗ್ಗಾಕಂತನ ಎದ್ದಿದ್ದೆರಿ. ಹೊಸ್ತಿಲದಾಗ ನಿಮ್ಮ ಮಡಿ ನೆನಪಾತು. ಹಬ್ಬದ ದಿನ ಮುಟ್ಟಿದ್ರ ನೀವು ಏನಂತೀರೋ ಅಂತ ಹೆದರಿಕಿ ಆತು. ಹಿಂದಕ್ಕ ತಿರಗಿದೆ. ಅವಾಗ ಸ್ವಿಚ್ ಕಣ್ಣಿಗೆ ಬಿತ್ತು.”

ಅಷ್ಟೊತ್ತಿಗೆ ಅವ್ವನ ಬೆರಳು ಡಬ್ಬಿಗೆ ತಾಗಿರುತ್ತಿತ್ತು, ನೀನು ಹಿಡಿದಿದ್ದರೆ ನೀನೂ ಅಂಟಿಕೊಂಡು ಹೋಗುತ್ತಿದ್ದೆ ಎಂದು ಅಪ್ಪ ಹಿಂದಿನಿಂದ ಮೆಲ್ಲಗೆ ಹೇಳಿದ. ಅಮ್ಮನಿಗೆ ಅದು ತಿಳಿದಿರಲಿಲ್ಲ. ಆಕೆ ತನ್ನ ಅಂಗೈಗಳನ್ನು ನೋಡಿಕೊಂಡಳು. ನಾನು ಅಜ್ಜಿಯ ಮುಖ ನೋಡಿದೆ. ಕಂಡಿರೇನು, ನಮ್ಮ ಮಡಿಯೇ ಇಬ್ಬರನ್ನೂ ಉಳಿಸಿತು ಎಂದು ಈಗ ಶುರುವಾಗುತ್ತದೆ, ಗಲ್ಲಿ ತುಂಬ ಹೇಳಿಕೊಂಡು ಬರುತ್ತಾಳೆ ಎಂದು ಕಾದೆ. ಅಜ್ಜಿಯ ಕಿವಿಗೆ ಬಿದ್ದದ್ದು ಬೇರೆಯೇ ಆಗಿತ್ತು.

“ಜೀವ ಹೋಗೂ ಹೊತ್ನ್ಯಾಗೂ ನನ್ನ ಬಾಯಿಗೆ ಹೆದರಿದ್ಯೇನು?”

“ಹೂನ್ರಿ.”

ಅಜ್ಜಿ ಅಲ್ಲೇ ನಿಂತಿದ್ದಳು. ಅಪ್ಪ ಪ್ಲಗ್ಗು ಕಿತ್ತು, ಇಕ್ಕಳ ತಂದು ಅದರ ತಂತಿಯನ್ನು ಕತ್ತರಿಸಿದ, ಡಬ್ಬಿಯನ್ನೂ ಒಡೆದುಬಿಡುತ್ತೇನೆ ಎಂದ. ಒಡೆಯಬೇಡಿ, ಒಡೆದರೆ ನೀವು ಇನ್ನೊಂದು ಕಟ್ಟುತ್ತೀರಿ, ಅದನ್ನು ಎಲ್ಲಿ ಇಡುತ್ತೀರೋ ನನಗೆ ಗೊತ್ತಾಗುವುದಿಲ್ಲ, ಟ್ರಾನ್ಸ್‌ಫಾರ್ಮರ್ ಸಿಗುವ ತನಕ ಪ್ಲಗ್ಗು ನನ್ನ ಹತ್ತಿರ ಇರಲಿ ಎಂದು ಅಮ್ಮ ಸೆರಗು ಚಾಚಿದಳು. ಕೈಗೆ ಕೊಡುವಂತಿಲ್ಲವಲ್ಲ. ಅಪ್ಪ ಬಾಗಿ, ಎರಡು ಕೆನ್ನೆಗೂ ಕುಂಕುಮ ಮೆತ್ತಿದ್ದ ಆ ಪ್ಲಗ್ಗನ್ನು ಮೇಲಿನಿಂದ ಆಕೆಯ ಸೆರಗಿಗೆ ಹಾಕಿದ.

ಮರುದಿನ ಬೆಳಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ ಒಳಗಾದಳು. ಹಬ್ಬ ಮುಗಿದಿದ್ದರೂ ಅಜ್ಜಿಯ ಒದ್ದೆ ಮಡಿ ಮುಗಿದಿರಲಿಲ್ಲ. ಆಕೆ ಎಂದಿನಂತೆ ನೀರು ಸೋರುತ್ತ ಬಂದು, ಎಂದಿನ ಜಾಗದಲ್ಲಿ, ಸತ್ತು ಕೂತಿದ್ದ ಡಬ್ಬಿಯ ಪಕ್ಕದಲ್ಲೇ ನಿಂತು ಮಂತ್ರ ಹಿಡಿದಳು. ಅಮ್ಮ ಅಡುಗೆಮನೆಯಿಂದ ಬಂದಳು. ಮಡಿಯಿಲ್ಲದ ಒಣ ಸೀರೆ, ಕೈಗೆ ಹಿಟ್ಟು. ನೇರ ಹೋಗಿ ಅಜ್ಜಿಯ ಮೊಣಕೈ ಹಿಡಿದಳು. ಹಿಡಿದು, ಆಕೆಯನ್ನು ಗೋಡೆಯಿಂದ ಎರಡು ಹೆಜ್ಜೆ ಈಚೆ ತಂದು ನಿಲ್ಲಿಸಿದಳು. ಪ್ಲಗ್ಗೇ ಇಲ್ಲವಲ್ಲ ಎಂದು ಅಪ್ಪ ಹೇಳಲು ಹೋದ, ಯಾರೂ ಅವನ ಕಡೆ ನೋಡಲಿಲ್ಲ. ಅಮ್ಮ ಕೈ ಬಿಟ್ಟು ಹಿಂದೆ ಸರಿದು ಕಾದಳು. ಅಜ್ಜಿ ಮತ್ತೆ ಸ್ನಾನಕ್ಕೆ ಹೋಗುತ್ತಾಳೆ ಎಂದು ನಾನೂ ಬಚ್ಚಲ ಕಡೆ ನೋಡಿದೆ. ಒಲೆಯ ಮೇಲೆ ಇನ್ನೂ ನೀರು ಕಾಯುತ್ತಿತ್ತು. ಅಜ್ಜಿ ಮೊಣಕೈಗೆ ಅಂಟಿದ ಹಿಟ್ಟನ್ನು ಒಮ್ಮೆ ನೋಡಿದಳು. ಒರೆಸಿಕೊಳ್ಳಲಿಲ್ಲ. ಆ ಎರಡು ಹೆಜ್ಜೆ ದೂರದಿಂದ ದೇವರಿಗೆ ಆಕೆಯ ಕೈ ಎಟುಕುತ್ತಿರಲಿಲ್ಲ. ಹೂವಿನ ಬುಟ್ಟಿಯನ್ನು ಅಮ್ಮನ ಕೈಗೆ ಕೊಟ್ಟು, ಬಿಟ್ಟಲ್ಲಿಂದ ಮಂತ್ರ ಮುಂದುವರಿಸಿದಳು.